ಬಡಿಸುವವರು ಕೂರುವುದು ಯಾವಾಗ?

ದಕ್ಷಿಣ ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ನೆಲೆಸಿರುವ ಕನ್ನಡದವರಿಗೆ ಯುಗಾದಿಯ ದಿನ ಬಾಳೆಎಲೆ ಸಿಗುವುದು ಕಷ್ಟವಲ್ಲ. ಹತ್ತಿರದ ಲೇಕ್ ಮಾರ್ಕೆಟ್ಟಿನ ಸುತ್ತ ತಮಿಳರೂ ಇತರ ದಕ್ಷಿಣದವರೂ ತಲೆಮಾರುಗಳಿಂದ ಇದ್ದಾರೆ. ಎಲೆ, ಕಾಫಿಪುಡಿ, ಕರಿಬೇವು ಎಲ್ಲ ಅಲ್ಲೇ ಸಿಗುತ್ತವೆ. ಕಷ್ಟ ಶುರುವಾಗುವುದು ಎಲೆ ಮನೆಗೆ ಬಂದ ಮೇಲೆ. ಫ್ಲ್ಯಾಟಿನ ನಾಲ್ಕು ಕುರ್ಚಿಯ ಮೇಜಿನ ಮೇಲೆ ನಾಲ್ಕು ಎಲೆ ಹಾಸಿದರೆ ಪಾತ್ರೆ ಇಡಲು ಜಾಗವಿರುವುದಿಲ್ಲ. ಪಾತ್ರೆಗಳು ಅಡುಗೆಮನೆಯಲ್ಲೇ ಉಳಿಯುತ್ತವೆ. ಅವುಗಳ ಜೊತೆ ಒಬ್ಬರೂ ಉಳಿಯುತ್ತಾರೆ. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ.

ಮನೆಯಲ್ಲಿ ಊಟಕ್ಕೆ ಹೇಗೆ ಅಣಿಮಾಡಬೇಕು ಎಂಬ ಮಾತು ಬಂದಾಗ ಚರ್ಚೆಯೆಲ್ಲ ಅಂದಚೆಂದದ್ದೇ: ಎಲೆಯೋ ತಟ್ಟೆಯೋ, ಸ್ಟೀಲೋ ಪಿಂಗಾಣಿಯೋ, ಮೇಜಿನ ಮ್ಯಾಟು ಯಾವ ಬಣ್ಣದ್ದು. ಆದರೆ ಪ್ರತಿಯೊಂದು ಜೋಡಣೆಯೂ ತನಗೆ ಬೇಕಾದ ಬಡಿಸುವ ಕ್ರಮವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಅದನ್ನು.

ಲೇಕ್ ಗಾರ್ಡನ್ಸ್‌ನಲ್ಲಿ ಎರಡು ಭಾಷೆಗಳ ಊಟ ಎದುರುಬದುರು ಬಾಗಿಲಲ್ಲೇ ನಡೆಯುವುದರಿಂದ ಹೋಲಿಸುವುದು ಸುಲಭ. ಕನ್ನಡದ ಹಬ್ಬದೂಟಕ್ಕೂ ಒಂದು ಅನುಕ್ರಮವಿದೆ: ತೊವ್ವೆ, ಸಾರು, ಹುಳಿ, ಕೊನೆಗೆ ಮಜ್ಜಿಗೆ. ಆದರೆ ಎಲೆಯ ಮೇಲೆ ಹೆಚ್ಚಿನ ಕಟ್ಟುನಿಟ್ಟು 'ಎಲ್ಲಿ' ಎಂಬುದಕ್ಕೆ. ಕಿರಿದಾದ ತುದಿ ಉಣ್ಣುವವರ ಎಡಕ್ಕೆ, ಮೇಲಂಚಿನ ಎಡದಲ್ಲಿ ಉಪ್ಪು ಮತ್ತು ಉಪ್ಪಿನಕಾಯಿ, ಮುಂದಕ್ಕೆ ಕೋಸಂಬರಿ, ಪಲ್ಯ, ಕೆಳಗೆ ನಡುವೆ ಅನ್ನ. ಬಂಗಾಳಿಗಳಿಗೆ ಮುಖ್ಯ 'ಯಾವಾಗ' ಎಂಬುದು. ಮೊದಲು ಕಹಿಯ ಶುಕ್ತೊ, ಆಮೇಲೆ ಬೇಳೆ ಮತ್ತು ಕರಿದದ್ದು, ತರಕಾರಿ, ಮೀನು, ಮಾಂಸ, ಸಿಹಿ ಚಟ್ನಿ, ಕೊನೆಗೆ ಮೊಸರು ಅಥವಾ ಮಿಠಾಯಿ. 'ಪ್ರೊಥೊಮ್ ಪಾತೆ', 'ಶೇಷ್ ಪಾತೆ' ಎಂದು ಹೊತ್ತನ್ನು ಅವರು ತಟ್ಟೆಯಿಂದಲೇ ಅಳೆಯುತ್ತಾರೆ. ಪಾತ್ ಎಂದರೆ ಎಲೆಯೂ ಹೌದು, ತಟ್ಟೆಯೂ ಹೌದು. 'ಎಲೆ ಹಾಕಿದೆ, ಏಳಿ' ಎಂದು ಕನ್ನಡದ ಮನೆಗಳಲ್ಲಿ ಸ್ಟೀಲ್ ತಟ್ಟೆಗೂ ಕರೆಯುವುದಿಲ್ಲವೇ, ಹಾಗೆ.

ಬಂಗಾಳಿಯಲ್ಲಿ ಅನ್ನ ಬಡಿಸುವುದಕ್ಕೆ 'ಭಾತ್ ಬಾಡಾ' ಎನ್ನುತ್ತಾರೆ. 'ಬಾಡಾ' ಎಂದರೆ ಹೆಚ್ಚುವುದು. ಅಕ್ಕಿ ಮುಗಿದಿದ್ದರೂ ಮುಗಿಯಿತು ಎನ್ನದೆ 'ಚಾಲ್ ಬಾಡಂತೊ', ಅಕ್ಕಿ ಹೆಚ್ಚುತ್ತಿದೆ ಎನ್ನುವುದುಂಟು. ದೀಪ ಆರಿಸು ಎನ್ನಲಾರದೆ ಹಳೆಯ ಕನ್ನಡದ ಮನೆಗಳಲ್ಲಿ 'ದೀಪ ದೊಡ್ಡದು ಮಾಡು' ಎನ್ನುತ್ತಿದ್ದ ರೀತಿಯಲ್ಲೇ. ಬಡಿಸುವ ಕೆಲಸಕ್ಕೆ ಮಾತಿನಲ್ಲಿ ಇಷ್ಟು ಗೌರವ. ಬಡಿಸಿದವರಿಗೆ ಉಳಿಯುವುದು ಮಾತ್ರ ತಳ ಹತ್ತಿದ್ದು.

ಏಕೆಂದರೆ 'ಎಲ್ಲಿ'ಗೂ 'ಯಾವಾಗ'ಗೂ ನಿಂತಿರುವ ಒಬ್ಬರು ಬೇಕು. ಜಾಮಾಯಿ ಷಷ್ಠಿಯ ದಿನ ಅಳಿಯನ ಮುಂದೆ ಕಂಚಿನ ತಟ್ಟೆ, ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ಬಟ್ಟಲುಗಳು, ಪಕ್ಕದಲ್ಲಿ ಬೀಸಣಿಗೆ ಹಿಡಿದ ಅತ್ತೆ. ಚಿತ್ರ ಚೆಂದವೇ, ಅತ್ತೆಯ ತಟ್ಟೆ ಆ ಚಿತ್ರದಲ್ಲಿಲ್ಲ. ಎಡಕ್ಕೆ ಫೋರ್ಕು ಬಲಕ್ಕೆ ಚಾಕು ಎಂದು ಕಲಿಸುವ ಪಾಶ್ಚಾತ್ಯ ಮಾದರಿಯೂ ಬೇರೆಯಲ್ಲ. ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೆ ಮೇಜಿಗೆ ತರುತ್ತಿದ್ದ ಫ್ರೆಂಚ್ ಪದ್ಧತಿ ಹಿಂದೆ ಸರಿದು, ಒಂದೊಂದಾಗಿ ತಂದು ಬಡಿಸುವ ರಷ್ಯನ್ ಪದ್ಧತಿ ಯುರೋಪಿನಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಅದು ಸಂಬಳದ ಆಳುಗಳಿದ್ದ ಮನೆಗಳ ಏರ್ಪಾಡು. ಆಳಿಲ್ಲದ ಮನೆ ಅದನ್ನು ನಕಲು ಮಾಡಿದರೆ ಆಳಿನ ಜಾಗಕ್ಕೆ ಹೆಂಡತಿಯೋ ಅಮ್ಮನೋ ಬರುತ್ತಾರೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಆರು ಬಟ್ಟಲಿನಂತೆ ನಾಲ್ಕು ಜನಕ್ಕೆ 24 ಬಟ್ಟಲು ತೊಳೆಯುವ ಜೋಡಣೆಯನ್ನು ಆರಿಸಿಕೊಳ್ಳುವ ಮುನ್ನ ಈ ಲೆಕ್ಕ ನೆನಪಿರಲಿ.

ಸಂಪ್ರದಾಯ ಬಿಟ್ಟುಹೋಗುತ್ತದೆ ಎಂಬ ಅಳಲು ಏಳುತ್ತದೆ. ಯಾವ ಸಂಪ್ರದಾಯ? ಪಂಕ್ತಿ ಎಂಬ ಪದಕ್ಕೆ ಪಂಕ್ತಿಭೇದ ಅಂಟಿಕೊಂಡೇ ಇದೆ. ಹಳೇ ಮೈಸೂರಿನ ಗಂಗಳದಲ್ಲಿ ಮುದ್ದೆ, ಪಕ್ಕದಲ್ಲೇ ಸಾರು. ಉತ್ತರ ಕರ್ನಾಟಕದ ಅಡ್ಡಣಿಗೆಯ ಮೇಲಿನ ತಟ್ಟೆಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ. ಇವೂ ಅಷ್ಟೇ ಕನ್ನಡದವು. ಉಪ್ಪಿಗೆ ಮೂಲೆ ಗೊತ್ತುಮಾಡದಿದ್ದರೆ ಊಟ ಕೆಡುವುದಿಲ್ಲ.

ದಿನದ ಊಟಕ್ಕೆ ಪಾತ್ರೆಗಳೆಲ್ಲ ಮೇಜಿನ ನಡುವೆ ಬರಲಿ, ಎಲ್ಲರೂ ಒಟ್ಟಿಗೆ ಕೂರಲಿ. ಕಹಿ ಮೊದಲು ತಿನ್ನಬೇಕೆನ್ನುವವರು ತಾವೇ ಮೊದಲು ಬಡಿಸಿಕೊಳ್ಳಬಹುದು; ಕ್ರಮ ಉಣ್ಣುವವರ ಕೈಯಲ್ಲಿದ್ದರೂ ಕ್ರಮವೇ. ಹಬ್ಬಕ್ಕೆ ಎಲೆ ಬೇಕೆಂದರೆ ಹಾಕಲಿ, ಮೊದಲು ಉಂಡ ಗಂಡಸರು ಎದ್ದು ಎರಡನೇ ಪಂಕ್ತಿಗೆ ಬಡಿಸಲಿ. ನಿಜವಾಗಿ ತೊಡಕಿರುವುದು ಬಿಸಿ ಚಪಾತಿ, ದೋಸೆ, ಲೂಚಿಯಲ್ಲಿ. ಅವು ಹಂಚಿನಿಂದ, ಬಾಣಲೆಯಿಂದ ನೇರ ತಟ್ಟೆಗೇ ಬೀಳಬೇಕು ಎನ್ನುವವರು ಒಲೆಯ ಮುಂದೆ ಸರದಿ ನಿಲ್ಲಬೇಕು. ಇಲ್ಲದಿದ್ದರೆ ಆರಿದ್ದನ್ನು ತಿನ್ನಬೇಕು. ಮುಚ್ಚಿಟ್ಟ ಚಪಾತಿ ಅಷ್ಟೇನೂ ಕೆಟ್ಟದ್ದಲ್ಲ.

ಇನ್ನೊಂದು ತಟ್ಟೆಯ ವಿಷಯ ಉಳಿಯಿತು. ಬೆಳಗಿನ ಲೋಕಲ್ ರೈಲಿನಲ್ಲಿ ದಕ್ಷಿಣದ ಊರುಗಳಿಂದ ಬಂದು ಈ ಬಡಾವಣೆಗಳ ಪಾತ್ರೆ ತೊಳೆಯುವವರನ್ನು ಇಲ್ಲಿ 'ಮಾಶಿ' ಎನ್ನುತ್ತಾರೆ, ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ಹಲವು ಮನೆಗಳಲ್ಲಿ, ಕನ್ನಡದವರ ಮನೆಗಳೂ ಸೇರಿ, ಆ ಮಾಶಿಯ ತಟ್ಟೆ ಲೋಟ ಬೇರೆ, ಕೂರುವ ಜಾಗ ನೆಲ. ಮೇಜಿಗೆ ಯಾವ ಶೈಲಿ ಎಂದು ಯೋಚಿಸುವವರು ಸಿಂಕಿನ ಕೆಳಗೆ ಮಗುಚಿಟ್ಟ ಆ ತಟ್ಟೆಯನ್ನು ಮೊದಲು ಮಿಕ್ಕ ತಟ್ಟೆಗಳ ಸಾಲಿಗೆ ಸೇರಿಸಲಿ. ಐದನೇ ಕುರ್ಚಿ ಮಲಗುವ ಕೋಣೆಯಲ್ಲಿ ಬಟ್ಟೆ ಹೊತ್ತುಕೊಂಡು ನಿಂತಿರುತ್ತದೆ, ಎಳೆದುಕೊಂಡರಾಯಿತು.