ರೋಗಿಗೆ ರೋಗಿಯೇ ಆಸರೆ

ಮೊಬೈಲು ತರುಣರನ್ನು ಕೆಡಿಸಿತೆಂಬ ಮಾತನ್ನು ನಾವು ಮನೆಯಲ್ಲಿಯೂ ಕೇಳುತ್ತೇವೆ, ವರ್ಗದಲ್ಲಿಯೂ ಕೇಳುತ್ತೇವೆ. ಆ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ವಾದಿಸಲು ನಾನು ಲೇಖನಿ ಹಿಡಿದಿಲ್ಲ. ಆದರೆ ಅದೇ ಯಂತ್ರವು ಹಾಸಿಗೆ ಹಿಡಿದವನ ಪಾಲಿಗೆ ಗೆಳೆಯನೂ ಆಗಬಲ್ಲುದೆಂಬುದನ್ನು ವಿದ್ಯಾರ್ಥಿಬಂಧುಗಳ ಹಾಗೂ ಗುರುವರ್ಯರ ಮುಂದೆ ಇಡುವುದೇ ನನ್ನ ಉದ್ದೇಶ. ಉದಾಹರಣೆಗೆ ಕ್ಷಯರೋಗವನ್ನು ತೆಗೆದುಕೊಳ್ಳುತ್ತೇನೆ.

ಹಿಂದಿನ ಕಾಲದಲ್ಲಿ ಕ್ಷಯ ತಗಲಿದವನನ್ನು ಮನೆಯಿಂದ ದೂರದ ಆರೋಗ್ಯಧಾಮಕ್ಕೆ ಕಳಿಸುತ್ತಿದ್ದರು. ಮಿರಜದ ಬಳಿಯ ವಾನ್ಲೆಸವಾಡಿಯಲ್ಲಿ ಅಂಥದೊಂದು ಇದ್ದಿತು, ಮೈಸೂರಿನಲ್ಲಿ ಇನ್ನೊಂದು. 1956ರಲ್ಲಿ ಮದರಾಸಿನಲ್ಲಿ ಒಂದು ಮಹತ್ವದ ಪ್ರಯೋಗ ಆರಂಭವಾಯಿತು. ಬಡ ರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿ, ಉಳಿದವರಿಗೆ ಅವರವರ ಮನೆಯಲ್ಲಿಯೇ ಔಷಧ ಕೊಟ್ಟು ನೋಡಿದರು. 1959ರಲ್ಲಿ ಹೊರಬಂದ ಫಲಿತಾಂಶವು ಜಗತ್ತಿನ ಕಣ್ಣು ತೆರೆಸಿತು. ಮನೆಯ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಫಲಕಾರಿ. ಅದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಇಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಗೊಂಡಿತು. ಕೋಟ್ಯವಧಿ ಬಡವರಿಗೆ ಇದೊಂದು ವರದಾನವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಲಾಭದೊಡನೆ ಒಂದು ನಷ್ಟವೂ ಆಯಿತೆಂದು ನನಗೆ ತೋರುತ್ತದೆ. ಆರೋಗ್ಯಧಾಮದಲ್ಲಿ ರೋಗಿಗೆ ಮನೆ ದೂರವಾಗಿತ್ತು, ನಿಜ. ಆದರೆ ಪಕ್ಕದ ಹಾಸಿಗೆಯಲ್ಲಿ ತನ್ನಂಥವನೇ ಒಬ್ಬನಿದ್ದನು. ಮನೆಗೆ ಬಂದ ರೋಗಿಗೆ ಗುಳಿಗೆ ಸಿಕ್ಕಿತು, ಆ ಪಕ್ಕದ ಹಾಸಿಗೆಯು ಸಿಗಲಿಲ್ಲ. ಅಮೇರಿಕದ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯನು 1905ರಷ್ಟು ಹಿಂದೆಯೇ ಈ ಕೊರತೆಯನ್ನು ಅರಿತನು. ಆರೋಗ್ಯಧಾಮದ ಖರ್ಚು ತಾಳಲಾರದ ಬಡ ಕ್ಷಯರೋಗಿಗಳನ್ನು ಆತನು ವಾರಕ್ಕೊಮ್ಮೆ ಒಂದೆಡೆ ಕೂಡಿಸಿದನು. ಗುಣವಾಗುತ್ತಿದ್ದವನ ಮುಖ ಕಂಡು ಹೊಸಬನಿಗೆ ಧೈರ್ಯ ಬರುತ್ತಿತ್ತು. ಆಗ ಕ್ಷಯಕ್ಕೆ ಪರಿಣಾಮಕಾರಿಯಾದ ಔಷಧವೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಇಂದು ಔಷಧವಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಸರಕಾರಿ ದವಾಖಾನೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರದಿಂದ ಅದು 1000 ಆಯಿತು. ಹೀಗಿದ್ದೂ ಕೆಲವರು ನಡುವೆಯೇ ಗುಳಿಗೆ ಬಿಡುವರೇಕೆ? ನಮ್ಮ ಸೋದರಮಾವನವರನ್ನು ನೋಡಿ ನಾನು ಇದರ ಉತ್ತರವನ್ನು ಅರಿತೆನು. ಅವರು ತಿಕೋಟೆಯ ಕಡೆ ದ್ರಾಕ್ಷಿ ತೋಟದಲ್ಲಿ ದುಡಿಯುವವರು. ರೋಗದ ಹೆಸರು ತಿಳಿದ ದಿನವೇ ಅವರ ತಾಟು, ತಂಬಿಗೆ ಬೇರೆಯಾದವು. ತಾಟಿನಿಂದ ಕ್ಷಯ ಹರಡುವುದಿಲ್ಲ. ಸರಿಯಾದ ಔಷಧ ಸುರುವಾದ ಕೆಲವು ವಾರಗಳಲ್ಲಿ ಸೋಂಕು ಹಬ್ಬುವ ಭಯವೂ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಓಣಿಯ ಬಾಯಿಗೆ ಇದನ್ನು ತಿಳಿಸುವವರಾರು? ಮೂರನೆಯ ತಿಂಗಳು ಕೆಮ್ಮು ನಿಂತಿತು. "ಆರಾಮ ಆಗೇತಿ, ಇನ್ನ್ಯಾಕ ಗುಳಿಗಿ?" ಎಂದರು. ನಾವು ಹೇಳಿದ್ದನ್ನು ಅವರು ಕೇಳಲಿಲ್ಲ. ದವಾಖಾನೆಯಲ್ಲಿ ಪರಿಚಯವಾದ ಇನ್ನೊಬ್ಬ ರೋಗಿಯು ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸಿದನು: "ಅಣ್ಣಾರ, ನಾನೂ ಹಿಂಗ ಬಿಟ್ಟಿದ್ದೆ. ಮತ್ತ ಮೊದಲಿಂದ ಸುರು ಮಾಡಬೇಕಾತು. ನೀವು ಬಿಡಬ್ಯಾಡ್ರಿ." ಮಾವನವರು ಅದನ್ನು ಎರಡು ಸಲ ಕೇಳಿ ಗುಳಿಗೆಯ ಡಬ್ಬಿಗೆ ಕೈ ಹಾಕಿದರು. ಬಲ್ಲವನ ಬುದ್ಧಿವಾದಕ್ಕಿಂತ ಬಿದ್ದು ಎದ್ದವನ ಮಾತಿಗೆ ತೂಕ ಹೆಚ್ಚು.

ನಮ್ಮ ಜಿಲ್ಲೆಗೆ ಈ ಸಾಧನವು ವಿಶೇಷವಾಗಿ ಬೇಕು. ಇಲ್ಲಿಯ ಎಷ್ಟೋ ಜನರು ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವರು. ದವಾಖಾನೆಯು ಬಬಲೇಶ್ವರದಲ್ಲಿಯೇ ಉಳಿಯುತ್ತದೆ, ಗೆಳೆಯನ ಧ್ವನಿಯು ಮಾತ್ರ ಅವನೊಡನೆ ಗಡಿ ದಾಟುತ್ತದೆ. ಓದು ಬರಹ ಬಾರದವನಿಗೂ ಧ್ವನಿಯು ತಿಳಿಯುತ್ತದೆ. ಮನಸ್ಸಿನ ಬೇನೆಗಾಗಿ ಸರಕಾರವೇ 2022ರಲ್ಲಿ 14416 ಸಂಖ್ಯೆಯ 'ಟೆಲಿ ಮಾನಸ್' ಸೇವೆಯನ್ನು ಆರಂಭಿಸಿತು. ದೂರದ ಮಾತೂ ಆರೈಕೆಯ ಒಂದು ಭಾಗವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗೆಂದು ವಾಟ್ಸಾಪಿನ ಪ್ರತಿಯೊಂದು ಗುಂಪೂ ಔಷಧವಾಗದು. ಗುಳಿಗೆ ಬಿಟ್ಟು ಈ ಕಷಾಯ ಕುಡಿಯಿರೆಂದು ಬರೆಯುವ ಒಬ್ಬ ಅಜ್ಞಾನಿಯು ಹತ್ತು ಜನರ ಜೀವಕ್ಕೆ ಕುತ್ತು ತರಬಲ್ಲನು. ಪುಡಿ ಮಾರುವವನು ಗೆಳೆಯನ ವೇಷದಲ್ಲಿ ಬರಬಲ್ಲನು. ಗುಂಪಿಗೆ ಸೇರಿದೊಡನೆ ಎಲ್ಲರಿಗೂ ನಮ್ಮ ನಂಬರು ಕಾಣುವುದರಿಂದ ಗುಟ್ಟು ರಟ್ಟಾಗುವ ಭಯವೂ ಇದೆ. ಲಗ್ನವಾಗಬೇಕಾದ ಹುಡುಗಿಗೆ ಇದು ಸಣ್ಣ ಮಾತಲ್ಲ. ಇನ್ನು ನಮ್ಮ ಎಷ್ಟೋ ತಾಯಂದಿರಿಗೆ ಸ್ವಂತ ಮೊಬೈಲೇ ಇಲ್ಲ. ಮಗನ ಕೈಯಲ್ಲಿರುವ ಯಂತ್ರಕ್ಕೆ ಅವರು ಮನದಳಲನ್ನು ಹೇಗೆ ಹೇಳಿಯಾರು?

ಆದುದರಿಂದ ನನ್ನ ಸೂಚನೆಗಳು ಮೂರು. ಗುಂಪಿನಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತರು ಇರಲೇಬೇಕು. ಔಷಧದ ಪ್ರಶ್ನೆಗೆ ಅವರೇ ಉತ್ತರಿಸಲಿ, ಧೈರ್ಯದ ಮಾತನ್ನು ರೋಗಿಗಳು ಆಡಲಿ. ಒಪ್ಪಿಗೆಯಿಲ್ಲದೆ ಯಾರನ್ನೂ ಸೇರಿಸಬಾರದು. ಒಳಗಿನ ಮಾತು ಹೊರಗೆ ಹೋಗಬಾರದು. ಮೂರನೆಯದು ನಮ್ಮದೇ ಹೊಣೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಹಳ್ಳಿಯ ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರೊಡನೆ ಧ್ವನಿ ಸಂದೇಶ ಕಳಿಸುವುದನ್ನು, ಮೊಬೈಲಿಗೆ ಕೀಲಿ ಹಾಕುವುದನ್ನು ಬೇಕೆಂದವರಿಗೆ ಕಲಿಸೋಣ. ಹೆಣ್ಣುಮಕ್ಕಳಿಗೆ ಈ ಪಾಠವನ್ನು ನಮ್ಮ ವಿದ್ಯಾರ್ಥಿನಿಯರೇ ಹೇಳಿಕೊಡಲಿ. ಕಲಿಸಿ ಹಿಂದೆ ಸರಿಯೋಣ. ಅವರ ಮಾತನ್ನು ಓದುವ ಹಕ್ಕು ನಮಗಿಲ್ಲ.

ಕೊನೆಯದಾಗಿ ಒಂದು ಮಾತು. ಮೊಬೈಲಿನ ಗೆಳೆಯನು ಧೈರ್ಯ ಹೇಳಬಲ್ಲನು, ಗಂಜಿ ಕಾಸಿ ಕೊಡಲಾರನು. ದೂರದವನು ಮಾತಿನಿಂದ ಎತ್ತಿ ಹಿಡಿದ ರೋಗಿಯನ್ನು ಹತ್ತಿರದ ನಾವು ತಾಟು ಬೇರೆ ಮಾಡಿ ಕೆಡಹಿದರೆ ಫಲವೇನು? ಓದಿದ ನಾವು ಮೊದಲು ನಮ್ಮ ನಮ್ಮ ಮನೆಯ ಪಂಕ್ತಿಯಲ್ಲಿ ಅವನಿಗೆ ಸ್ಥಳ ಕೊಡಿಸೋಣ.