ಕರುಳು ಸೋತಾಗ ಪೋಷಣೆಯ ಹೊಣೆ ಯಾರದು?

ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ವಿಚಾರವನ್ನು ಇಂದು ಹಳ್ಳಿಯ ಜನರೂ ಬಲ್ಲರು. ಡಯಾಲಿಸಿಸ್ ಎಂಬುದು ಮನೆಮಾತಾಗಿದೆ. ಆದರೆ ಕರುಳೂ ಹೀಗೆಯೇ ಸೋತುಹೋಗಬಲ್ಲದು ಎಂಬ ಸಂಗತಿ ಅನೇಕರಿಗೆ ತಿಳಿಯದು. ಉಂಡ ಅನ್ನ, ಕುಡಿದ ನೀರು ಮೈಗೆ ಹತ್ತದೆ ಹಾಗೆಯೇ ಹೊರಹೋದರೆ, ಎದುರಿಗೆ ತುಂಬಿದ ತಟ್ಟೆಯಿದ್ದರೂ ರೋಗಿಯು ಉಪವಾಸದಿಂದಲೇ ಸೊರಗುತ್ತಾನೆ. ಬದುಕಿಗೆ ಬೇಕಾದಷ್ಟು ನೀರು, ಲವಣ, ಪೋಷಕಾಂಶಗಳನ್ನು ಕರುಳು ಹೀರಿಕೊಳ್ಳಲಾರದೆ, ಅವನ್ನು ರಕ್ತನಾಳದ ಮೂಲಕವೇ ಕೊಡಬೇಕಾಗಿ ಬರುವ ಸ್ಥಿತಿಗೆ ಕರುಳಿನ ವೈಫಲ್ಯ ಎಂದು ಹೆಸರು. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಹೇಗೋ, ಕರುಳು ಸೋತವರಿಗೆ ಈ ಪೋಷಣೆ ಹಾಗೆ. ಮೊದಲನೆಯದನ್ನು ಸಾರ್ವಜನಿಕ ಹೊಣೆಯೆಂದು ಒಪ್ಪಿರುವ ನಾವು ಎರಡನೆಯದನ್ನೂ ಒಪ್ಪಬೇಕು ಎಂಬುದು ಈ ಲೇಖನದ ಆಶಯ.

ವಯಸ್ಕರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿರುತ್ತದೆ. ಆಹಾರದ ಸಾರ ರಕ್ತಕ್ಕೆ ಸೇರುವುದು ಬಹುಮಟ್ಟಿಗೆ ಇಲ್ಲಿಯೇ. ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದಾಗ ಅಥವಾ ಕರುಳು ತಿರುಚಿಕೊಂಡಾಗ ಅದರ ದೊಡ್ಡ ಭಾಗವೇ ಸತ್ತುಹೋಗಬಹುದು. ಆಗ ಅದನ್ನು ಕತ್ತರಿಸಿ ತೆಗೆಯದೆ ಶಸ್ತ್ರವೈದ್ಯರಿಗೆ ಬೇರೆ ದಾರಿಯಿಲ್ಲ. ಕ್ರೋನ್ಸ್ ಕಾಯಿಲೆಯಿಂದ, ಕರುಳಿನ ಕ್ಷಯದಿಂದ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿಯೂ, ಅವಧಿಗೆ ಮುನ್ನ ಹುಟ್ಟಿದ ಕೆಲವು ಶಿಶುಗಳಲ್ಲಿಯೂ ಇಂಥ ಸ್ಥಿತಿ ಒದಗುತ್ತದೆ. ಉಳಿದ ಸಣ್ಣ ಕರುಳು 2 ಮೀಟರಿಗಿಂತ ಕಡಿಮೆಯಾದರೆ ಅಪಾಯ ಹೆಚ್ಚು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಹೃದಯ ಬಡಿತದ ಏರುಪೇರು ಇರುವವರಿಗೆ ಹಠಾತ್ತನೆ ತಡೆಯಲಾರದ ಹೊಟ್ಟೆನೋವು ಬಂದರೆ ಅದನ್ನು ವಾಯುಪ್ರಕೋಪವೆಂದು ಬಗೆದು ಮನೆಮದ್ದು ಮಾಡುತ್ತ ಕೂರಬಾರದು. ರಕ್ತನಾಳ ಮುಚ್ಚಿಕೊಂಡಿದ್ದರೆ ಕರುಳನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು.

ಕರುಳಿನ ಬಹುಭಾಗ ಹೋಯಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಉಳಿದ ಕರುಳು ನಿಧಾನವಾಗಿ ಹಿಗ್ಗಿ, ಹೀರುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ವಯಸ್ಕರಲ್ಲಿ ಈ ಹೊಂದಾಣಿಕೆಗೆ ಸುಮಾರು ಎರಡು ವರ್ಷ ಹಿಡಿಯಬಹುದು. ಬಾಯಿಯಿಂದ ಸೇವಿಸಿದ ಆಹಾರವೇ ಇದಕ್ಕೆ ಮುಖ್ಯ ಪ್ರಚೋದನೆ. ಆದುದರಿಂದ ವೈದ್ಯರು ಬೇಡವೆನ್ನದ ಹೊರತು ರೋಗಿಯ ಊಟವನ್ನು ಪೂರ್ತಿ ನಿಲ್ಲಿಸುವುದು ಸರಿಯಲ್ಲ. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ನೀರಿನ ವಿಷಯದಲ್ಲಿ ಮಾತ್ರ ನಮ್ಮ ಸಹಜ ತಿಳಿವಳಿಕೆ ತಪ್ಪುತ್ತದೆ. ದಾಹವೆಂದು ಬರಿಯ ನೀರು, ಚಹಾ, ಹಣ್ಣಿನ ರಸಗಳನ್ನು ಯಥೇಚ್ಛವಾಗಿ ಕೊಟ್ಟರೆ ಇಂಥ ಅನೇಕ ರೋಗಿಗಳಲ್ಲಿ ಭೇದಿ ಹೆಚ್ಚಿ, ದೇಹದ ಉಪ್ಪು ಇನ್ನಷ್ಟು ಸೋರಿಹೋಗುತ್ತದೆ. ಉಪ್ಪು ಮತ್ತು ಗ್ಲುಕೋಸ್ ತಕ್ಕ ಪ್ರಮಾಣದಲ್ಲಿ ಬೆರೆತ ದ್ರಾವಣವನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ಆ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಈ ಎರಡು ವರ್ಷ ರೋಗಿಯನ್ನು ಬದುಕಿಸುವುದು ಹೇಗೆ? ಉತ್ತರ ಹೊಸದೇನಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ನಾಯಿಮರಿಗಳನ್ನು ರಕ್ತನಾಳದ ಮೂಲಕವೇ ಪೋಷಿಸಿ, ಅವು ಸಹಜವಾಗಿ ಬೆಳೆಯುವುದನ್ನು ತೋರಿಸಿದರು. ಬಳಿಕ ಕರುಳಿನ ಬಹುಭಾಗವೇ ಇಲ್ಲದ ಶಿಶುವೊಂದನ್ನು ಹಾಗೆಯೇ ಪೋಷಿಸಿದರು. 1968ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣ, ಜೀವಸತ್ವಗಳ ದ್ರಾವಣವನ್ನು ದೊಡ್ಡ ರಕ್ತನಾಳಕ್ಕೆ ಸೇರಿಸಿದ ನಳಿಕೆಯ ಮೂಲಕ ಹನಿಹನಿಯಾಗಿ ಕೊಡುವ ಕ್ರಮವಿದು. ಸಾಮಾನ್ಯ ಸಲೈನ್ ಬಾಟಲಿಯಿಂದ ಈ ಕೆಲಸ ಆಗದು. ಪಾಶ್ಚಾತ್ಯ ದೇಶಗಳಲ್ಲಿ ಸಾವಿರಾರು ರೋಗಿಗಳು ರಾತ್ರಿ ಮನೆಯಲ್ಲಿಯೇ ಈ ಪೋಷಣೆ ಪಡೆದು, ಹಗಲು ತಮ್ಮ ದುಡಿಮೆಗೆ ಹೋಗುತ್ತಾರೆ. ನಮ್ಮಲ್ಲಿ ಮನೆಯ ಮಟ್ಟದ ಈ ವ್ಯವಸ್ಥೆ ಇನ್ನೂ ವಿರಳ.

ತೊಡಕುಗಳಿಲ್ಲವೆಂದಲ್ಲ. ನಳಿಕೆಯ ಮೂಲಕ ಸೋಂಕು ರಕ್ತಕ್ಕೆ ಸೇರಬಹುದು, ಯಕೃತ್ತಿಗೆ ಹಾನಿಯಾಗಬಹುದು, ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಪೋಷಣೆ ಕೊಟ್ಟರೆ ರಕ್ತದ ಲವಣಗಳು ಕುಸಿದು ಪ್ರಾಣಾಪಾಯ ಒದಗಬಹುದು. ವೆಚ್ಚವೂ ದೊಡ್ಡದು. ಸಾಮಾನ್ಯ ಜ್ವರಕ್ಕೇ ಔಷಧ ಸಿಗದ ಊರುಗಳಿರುವಾಗ ಕೆಲವೇ ರೋಗಿಗಳಿಗೆ ಇಷ್ಟು ವ್ಯಯವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಡಯಾಲಿಸಿಸ್‌ನ ಬಗೆಗೂ ಇದನ್ನೇ ಕೇಳಬಹುದಾಗಿತ್ತು. ಆದರೂ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದಿತು. ಮನೆಯಲ್ಲಿಯೇ ಮಾಡಿಕೊಳ್ಳುವ ಉದರ ಡಯಾಲಿಸಿಸ್‌ಗೂ ಮುಂದೆ ಅದರಲ್ಲಿ ಸ್ಥಾನ ದೊರೆಯಿತು. ಕರುಳಿನ ರೋಗಿಗಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಅವರಲ್ಲಿ ಅನೇಕರು ಕ್ರಮೇಣ ಈ ಆಸರೆಯನ್ನು ಬಿಟ್ಟು ಬಾಯಿಯ ಊಟದಿಂದಲೇ ಬದುಕಬಲ್ಲರು.

ಆಯುಷ್ಮಾನ್ ಭಾರತ ಯೋಜನೆಯು ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಬಿಡುಗಡೆಯ ನಂತರದ 15 ದಿನಗಳ ಔಷಧ ಮತ್ತು ತಪಾಸಣೆಯ ವೆಚ್ಚವನ್ನು ಭರಿಸುತ್ತದೆ. ಬಹುಪಾಲು ಕಾಯಿಲೆಗಳಿಗೆ ಅದು ಸಾಕು. ಎರಡು ವರ್ಷ ಬೇಡುವ ಕರುಳಿಗೆ ಹದಿನೈದು ದಿನ ಯಾವ ಲೆಕ್ಕ? ಯಶಸ್ವಿಯಾಗಿ ಶಸ್ತ್ರಚಿಕಿತ್ಸೆ ಮಾಡಿ, ಆಮೇಲೆ ರೋಗಿಯನ್ನು ಹಸಿವಿಗೆ ಒಪ್ಪಿಸುವುದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದಂತೆ. ಪ್ರತಿ ವಿಭಾಗದಲ್ಲಿ ಒಂದಾದರೂ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ನುರಿತ ವೈದ್ಯರು, ದಾದಿಯರು, ಆಹಾರತಜ್ಞರ ತಂಡವಿರಬೇಕು. ನಳಿಕೆಯ ಆರೈಕೆಯನ್ನು ಮನೆಯವರಿಗೆ ಅವರು ಕಲಿಸಬೇಕು. ದ್ರಾವಣದ ವೆಚ್ಚವನ್ನು ವಿಮಾ ಯೋಜನೆಗಳು ಭರಿಸಬೇಕು.

ಭಕ್ತಬಾಂಧವರು ಮಾಡಬಹುದಾದುದೂ ಉಂಟು. ಇಂಥ ರೋಗಿಯಿರುವ ಮನೆಯವರು ಬಿಡುಗಡೆಗೆ ಮುನ್ನ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಎಷ್ಟು ಕರುಳು ಉಳಿದಿದೆ, ದೊಡ್ಡ ಕರುಳು ಅದಕ್ಕೆ ಜೋಡಣೆಯಾಗಿದೆಯೇ, ಮನೆಯಲ್ಲಿ ಪೋಷಣೆಯ ಕ್ರಮವೇನು. ಮೊದಲೆರಡು ಉತ್ತರಗಳ ಮೇಲೆ ರೋಗಿಯ ಮುಂದಿನ ದಾರಿ ಬಹುಮಟ್ಟಿಗೆ ನಿಂತಿದೆ. ನಳಿಕೆ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯುವ ನಿಯಮವನ್ನು ಒಮ್ಮೆಯೂ ಮೀರದಿರಲಿ. ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಲಿ. ಈ ಪೋಷಣೆಯೂ ಒಗ್ಗದವರಿಗೆ ಕರುಳಿನ ಕಸಿಯೊಂದೇ ಉಳಿಯುವ ದಾರಿ. ಮಿದುಳು ನಿಷ್ಕ್ರಿಯಗೊಂಡವರ ಕರುಳನ್ನೂ ದಾನ ಮಾಡಬಹುದು; ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸುವಾಗ ಇದು ನೆನಪಿನಲ್ಲಿರಲಿ.

ಹಸಿದವನಿಗೆ ಅನ್ನವಿಕ್ಕುವುದು ದೊಡ್ಡ ಧರ್ಮವೆಂದು ಬಗೆದ ನಾಡು ನಮ್ಮದು. ಅನ್ನ ಬಾಯಿಯಿಂದ ಹೋಗಲಾರದೆ ರಕ್ತನಾಳದಿಂದ ಹೋಗಬೇಕಾಗಿ ಬಂದ ಮಾತ್ರಕ್ಕೆ ಆ ಧರ್ಮ ಅಲ್ಲಿಗೆ ನಿಲ್ಲಬಾರದು.