ಅವಳ ಊರಿಗೂ ಒಂದು ಕೋರ್ಟಿದೆ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಅವಳು ಸೆರಗಿನ ಗಂಟು ಬಿಚ್ಚಿ ಸಮನ್ಸನ್ನು ನನ್ನ ಕೈಗಿಟ್ಟಳು. ಕಾಗದ ಬೆವರಿಗೆ ನೆನೆದು ಮಡಿಕೆಯಲ್ಲಿ ಹರಿದಿತ್ತು. ಗಂಡ ಪುಣೆಯಲ್ಲಿ ವಿಚ್ಛೇದನಕ್ಕೆ ಹಾಕಿದ್ದಾನೆ. ವಾಯಿದೆಗೆ ಹನ್ನೊಂದು ದಿನ ಉಳಿದಿದೆ. ಕಂಕುಳಲ್ಲಿ ಜ್ವರದ ಕೂಸು.

"ಹೋಗದಿದ್ರ ಏನಾಗ್ತದ ಅಕ್ಕಾ?"

ಹೋಗದಿದ್ದರೆ ಅವಳ ಮಾತು ಕೇಳದೆಯೇ ತೀರ್ಪಾಗಬಹುದು. ಅವನ ಲೆಕ್ಕವೂ ಅದೇ.

ಒದೆ ತಿಂದು ತವರಿಗೆ ಬಂದು ಅವಳಿಗೆ ಮೂರು ವರ್ಷ. ಹಿರಿಯರು ಕೂತು ತಾಳಿಕೋ ಎಂದರು. ನಿನ್ನೂರ ಕೋರ್ಟಿಗೇ ಹೋಗು ಎಂದು ಒಬ್ಬನಾದರೂ ಬಾಯಿ ಬಿಟ್ಟನೆ? 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ಮದುವೆಯಾದ ಊರು, ಎದುರುಗಾರ ಇರುವ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು ಎನ್ನುತ್ತಿತ್ತು. ಹೊರದಬ್ಬಿಸಿಕೊಂಡ ಹೆಂಡತಿ ತಾನೀಗ ಇರುವಲ್ಲೇ ಅರ್ಜಿ ಹಾಕಬಹುದು ಎಂಬ ಒಂದು ಸಾಲು ಸೇರಿಸಲು ನಮ್ಮ ಸಂಸತ್ತಿಗೆ 2003ರವರೆಗೆ ಬಿಡುವಾಗಲಿಲ್ಲ. ನಲವತ್ತೆಂಟು ವರ್ಷ! ಕ್ರೈಸ್ತ ಹೆಣ್ಣುಮಕ್ಕಳಿಗಂತೂ ಆ ಸಾಲು ಇವತ್ತಿಗೂ ಇಲ್ಲ; ಅವರನ್ನು 1869ರ ಕಾಯ್ದೆಯೇ ಆಳುತ್ತಿದೆ.

ಆ ಸಾಲೂ ಅರ್ಜಿ ಹಾಕುವ ಹೆಂಡತಿಗೆ ಮಾತ್ರ. ಗಂಡನೇ ಮೊದಲು ಹಾಕಿದರೆ ಅವಳೇ ಎದುರುಗಾರ್ತಿ. ಇವರಿಬ್ಬರೂ ಕೊನೆಗೆ ಕೂಡಿ ಇದ್ದದ್ದು ಪುಣೆಯ ತಗಡಿನ ಶೆಡ್ಡಿನಲ್ಲಿ. ಹಾಗಾಗಿ ಅಲ್ಲಿಯ ಕೋರ್ಟಿಗೆ ಅಧಿಕಾರವಿದೆ. ಕೇಸನ್ನು ಇಲ್ಲಿಗೆ ತರಿಸಬೇಕೆಂದರೆ, ರಾಜ್ಯದ ಗಡಿ ದಾಟಿದ್ದರಿಂದ, ಸುಪ್ರೀಂ ಕೋರ್ಟಿಗೇ ಬೇಡಬೇಕು. ಪುಣೆಗೆ ಹೋಗಲು ಬಸ್ ಚಾರ್ಜಿಲ್ಲ ಎಂದು ಹೇಳಿಕೊಳ್ಳಲು ಈ ಕೂಲಿ ಹೆಂಗಸು ದೆಹಲಿಯ ಬಾಗಿಲು ಬಡಿಯಬೇಕು! ಯಾರ ಅನುಕೂಲಕ್ಕೆ ಬರೆದ ನಿಯಮವಿದು? ಅವಳ ರಾಜ್ಯದ ಹೈಕೋರ್ಟೇ ಕೇಸನ್ನು ಇತ್ತ ಎಳೆದುಕೊಳ್ಳುವಂತೆ ಕಾನೂನು ತಿದ್ದಿ. ಸಮನ್ಸಿನ ಜೊತೆಗೇ ಅವಳ ಹಕ್ಕುಗಳನ್ನು ಅವಳು ಓದುವ ಭಾಷೆಯಲ್ಲಿ ಬರೆದು ಕಳಿಸಿ.

ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಅದನ್ನೂ ಅವಳು ಕೇಳಿದ್ದು ಅವತ್ತೇ ಮೊದಲು. ಜೀವನಾಂಶದ ಅರ್ಜಿಯನ್ನು ಇಲ್ಲೇ ಹಾಕಬಹುದು ಎಂದಾಗ ನನ್ನ ಮುಖವನ್ನೇ ನೋಡಿದಳು.

"ಇಲ್ಲೇ? ನಮ್ಮೂರಾಗೇನು?"

ಕೂಸನ್ನು ನಾನು ಎತ್ತಿಕೊಂಡೆ. ಇಬ್ಬರೂ ತಾಲ್ಲೂಕು ಕೋರ್ಟಿನ ಕಡೆ ನಡೆದೆವು.